ಸಕ್ಕರಿ ಗೊಂಬಿ ಅಚ್ಚಿನ ರಿಪೇರಿ

ಅಣ್ಣನ ಮಗನಿಗೆ ಈ ಬೇಸಿಗೆಯಲ್ಲಿ ಹಾವೇರಿಯ ಹುಡುಗಿ ಗೊತ್ತಾಗಿ, ಲಗ್ನ ಫೆಬ್ರವರಿಗೆ ಅಂತ ಠರಾವಾಯಿತು. ನಡುವೆ ಗೌರಿ ಹುಣ್ಣಿಮೆ. ನಮ್ಮ ಕಡೆ ಗೊತ್ತಾದ ಹುಡುಗಿಗೆ ಕಾರ್ತಿಕದ ಆ ಹುಣ್ಣಿಮೆಗೆ ಗಂಡಿನ ಮನೆಯಿಂದ ಸಕ್ಕರಿ ಆರತಿ ಹೋಗಬೇಕು: ಸೀರೆ, ತಲೆಗೆ ಕಟ್ಟುವ ದಂಡಿ, ಹೂವು, ಮತ್ತು ತಾಟು ತುಂಬ ಸಕ್ಕರಿ ಗೊಂಬಿ. ಮೈಸೂರು ಕಡೆಯವರು ಸಂಕ್ರಾಂತಿಗೆ ಎಳ್ಳು-ಬೆಲ್ಲದ ಜೊತೆ ಬೀರುತ್ತಾರಲ್ಲ ಸಕ್ಕರೆ ಅಚ್ಚು, ಅದೇ ಪದಾರ್ಥ. ಹಬ್ಬ ಬೇರೆ, ಪಾಕ ಒಂದೇ.

"ದುರ್ಗದ ಬೈಲಿನಾಗ ಕಿಲೋ ಲೆಕ್ಕದಾಗ ಸಿಗ್ತಾವು. ನೀ ಯಾಕ ಒದ್ದಾಡ್ತಿ?" ಅಂದಳು ಅವ್ವ. ದುರ್ಗದ ಬೈಲು ಅಂದರೆ ಹುಬ್ಬಳ್ಳಿಯ ಪೇಟೆ. ಅವಳ ಮಾತು ಸುಳ್ಳಲ್ಲ. ಆದರೆ ಧಾರವಾಡದ ನಮ್ಮ ಮನೆಯ ಅಟ್ಟದ ಮೇಲೆ ತಗಡಿನ ಟ್ರಂಕಿನಲ್ಲಿ ಆಯಿಯ ಅಚ್ಚುಗಳಿದ್ದವು. ಆಯಿ ಅಂದರೆ ಅಪ್ಪನ ತಾಯಿ. ಅವಳು ಹೋಗಿ 19 ವರ್ಷ. ಅದಕ್ಕೂ ಮೊದಲೇ ಕೈ ನಡುಗಲು ಹತ್ತಿ ಗೊಂಬಿ ಹೊಯ್ಯುವುದು ನಿಂತಿತ್ತು. ನಾನು ಹುಬ್ಬಳ್ಳಿಯಲ್ಲಿ ಮೋಟಾರು ವೈಂಡಿಂಗ್ ಮಾಡುವವನು. ಸುಟ್ಟದ್ದನ್ನು ಬಿಚ್ಚಿ ಮತ್ತೆ ತಿರುಗುವಂತೆ ಮಾಡುವುದೇ ದಿನದ ಉದ್ಯೋಗ. ಆರು ಜೋಡಿ ಕಟ್ಟಿಗೆ ತುಂಡು ನನಗೇನು ದೊಡ್ಡದು ಅನ್ನುವ ಸೊಕ್ಕು ಇತ್ತು. ಆ ಸೊಕ್ಕು ಎಲ್ಲೆಲ್ಲಿ ಇಳಿಯಿತು ಅನ್ನುವುದರ ಟಿಪ್ಪಣಿ ಇದು.

ಅಕ್ಟೋಬರ್ 5, ರವಿವಾರ

ಟ್ರಂಕು ಇಳಿಸಿದೆ. ಹಳೇ ಧೋತರದಲ್ಲಿ ಸುತ್ತಿದ ಆರು ಜೋಡಿ: ಆನೆ, ಒಂಟೆ, ಗಿಳಿ, ಬಸವಣ್ಣ, ತುಳಸಿ ಕಟ್ಟೆ, ತೇರು. ಎಲ್ಲಾ ಸಾಗವಾನಿ. ಒಂದೊಂದೂ ಎರಡು ಹೋಳು, ಒಳಗೆ ತೋಡಿದ ಅರ್ಧರ್ಧ ಗೊಂಬಿ, ಕಾಲಿನ ಕಡೆ ಪಾಕ ಹೊಯ್ಯಲು ಬಾಯಿ. ಜೊತೆಗೆ ಒಂದು ವಹಿ.

ಸ್ಥಿತಿ ಹೀಗಿತ್ತು. ಒಂಟೆಯ ಒಂದು ಹೋಳು ಕತ್ತಿನಿಂದ ಹೊಟ್ಟೆಯವರೆಗೆ ಸೀಳಿದೆ, ಸೀಳಿನಲ್ಲಿ ಹತ್ತು ರೂಪಾಯಿಯ ನಾಣ್ಯ ತೂರುತ್ತದೆ. ಆನೆಗೆ ಎರಡೂ ಹೋಳನ್ನು ಹೊಂದಿಸಿ ಹಿಡಿಯುವ ಕೀಲುಗಳಲ್ಲಿ ಒಂದು ಮುರಿದು ತೂತಿನಲ್ಲೇ ಉಳಿದಿದೆ, ಇನ್ನೊಂದು ಇಲ್ಲವೇ ಇಲ್ಲ. ಬಸವಣ್ಣನ ಅಂಚಿಗೆ ಹುಳು ಬಿದ್ದು ಹಿಟ್ಟಿನಂಥ ಪುಡಿ ಉದುರುತ್ತಿತ್ತು. ಸಾಗವಾನಿಯ ಕಂದು ತಿರುಳಿಗೆ ಹುಳು ಸುಲಭಕ್ಕೆ ಬಾಯಿ ಹಾಕುವುದಿಲ್ಲ, ಸುತ್ತಲಿನ ಬಿಳಿ ಭಾಗವನ್ನು ಬಿಡುವುದೂ ಇಲ್ಲ. ಕೆತ್ತಿದವರು ಗೊಂಬಿಯನ್ನು ತಿರುಳಿನಲ್ಲೇ ತೋಡಿ ಬಿಳಿಯನ್ನು ಹೊರಗಿನ ಅಂಚಿಗೆ ತಳ್ಳಿದ್ದರು. ಹಾಗಾಗಿ ಬಸವಣ್ಣ ಒಳಗೆ ನೆಟ್ಟಗೇ ಇದ್ದ. ಗಿಳಿ, ತುಳಸಿ ಕಟ್ಟೆ ಚೊಕ್ಕ. ತೇರಿನ ಕಳಸದ ತುದಿ ಚಿಂದಿಯಾಗಿತ್ತು.

ಇನ್ನು ವಹಿ. ಆಯಿಗೆ ಬರೆಯಲು ಬರುತ್ತಿರಲಿಲ್ಲ. ಅವಳು ಹೇಳಿದ್ದನ್ನು ಸಾಲಿಗೆ ಹೋಗುತ್ತಿದ್ದ ಅಪ್ಪ ಬರೆದುಕೊಂಡದ್ದು. ಎಣ್ಣಿಹೋಳಿಗಿ, ಮಾದಲಿ, ಪಂಚಮಿಯ ಅಳ್ಳಿಟ್ಟು, ಕರ್ಚಿಕಾಯಿ, ಎಲ್ಲಾ ಇವೆ. ಸಕ್ಕರಿ ಗೊಂಬಿಗೆ ಸಿಕ್ಕದ್ದು ಮೂರೇ ಸಾಲು:

"ಸಕ್ಕರಿ 1 ಸೇರು, ಹಾಲು 1 ಚಟಾಕು, ಲಿಂಬಿ 4 ಹನಿ. ಹಾಲು ಹಾಕಿ ಹೊಲಸು ತಗಿಯೋದು. ಅಚ್ಚು ನೆನಸಿ, ಪಾಕ ಬಂದ ಮ್ಯಾಲ ತಿಕ್ಕಿ ಹೊಯ್ಯೋದು."

ತೂಕದ ಸೇರು ಅಂದರೆ 933 ಗ್ರಾಂ, ಅದರ ಹದಿನಾರನೇ ಪಾಲು ಚಟಾಕು, 58 ಗ್ರಾಂ. ದೇಶದಲ್ಲಿ ಕಿಲೋ ಕಡ್ಡಾಯವಾದದ್ದು 1962ರಲ್ಲಿ. ಆಯಿ ಕಡೆಯವರೆಗೂ ಅದಕ್ಕೆ ಸೊಪ್ಪು ಹಾಕಲಿಲ್ಲ. ಲೆಕ್ಕ ಮಾಡಿ ಗೋಡೆಗೆ ಚೀಟಿ ಅಂಟಿಸಿ, ಪಾಕವಿಧಾನ ಕೈಗೆ ಬಂತು, ಇನ್ನು ಅಚ್ಚು ಸರಿಯಾದರೆ ಮುಗಿಯಿತು ಅಂದುಕೊಂಡೆ.

ಅಕ್ಟೋಬರ್ 8

ತೊಳೆಯುವ ಕೆಲಸ. ಸೋಪಿನ ಪುಡಿ ಹಾಕಲಿಲ್ಲ, ಕಟ್ಟಿಗೆ ಅದರ ವಾಸನೆ ಹೀರಿದರೆ ಗೊಂಬಿಗೂ ಬರುತ್ತದೆ. ಬೆಚ್ಚನೆಯ ನೀರು, ಮೆತ್ತನೆಯ ಬ್ರಷ್, ಗೆರೆಗಳ ಸಂದಿಗೆ ಚೂಪು ಮಾಡಿದ ಬಿದಿರು ಕಡ್ಡಿ. ಆನೆಯ ಕಿವಿಯಿಂದ ಎಷ್ಟೋ ವರ್ಷದ ಕಪ್ಪು ಸಕ್ಕರೆ ಬಿಟ್ಟಿತು. ಒಣಗಿಸಿದ್ದು ನೆರಳಿನಲ್ಲಿ. ಬಿಸಿಲಿಗಿಟ್ಟಿದ್ದರೆ ಒಂಟೆಯ ಗತಿ ಎಲ್ಲಕ್ಕೂ ಬರುತ್ತಿತ್ತು.

ಆ ರಾತ್ರಿಯೇ ಒಂಟೆಯ ಸೀಳಿಗೆ ಕಟ್ಟಿಗೆಯ ಬಿಳಿ ಅಂಟು ತುಂಬಿ ಶಿಕಂಜಿಗೆ ಹಾಕಿ ಬಿಗಿದೆ. ಮರುದಿನ ಗಟ್ಟಿಯಾಗಿ ಕೂತಿತ್ತು. ಖುಷಿಯಿಂದ ನೀರಿನಲ್ಲಿ ನೆನೆಯಲು ಬಿಟ್ಟೆ. ಬೆಳಿಗ್ಗೆ ನೋಡಿದರೆ ನೀರು ಮಜ್ಜಿಗೆಯಂತೆ, ಸೀಳು ಮೊದಲಿನ ಹಾಗೇ ಬಾಯಿ ಬಿಟ್ಟಿತ್ತು.

ಅಕ್ಟೋಬರ್ 12, ರವಿವಾರ

ಹಳೇ ಹುಬ್ಬಳ್ಳಿಯಲ್ಲಿ ಗುರುತಿನ ಬಡಿಗೇರರೊಬ್ಬರಿದ್ದಾರೆ. ಒಂಟೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿ, "ಇದಕ್ಕ ಅಂಟು ಹಚ್ಚೀರಿ? ರಾತ್ರಿ ಎಲ್ಲಾ ನೀರಾಗ ಮಲಗೋ ಕಟ್ಟಿಗಿಗೆ ಅಂಟು ಏನ್ ಮಾಡ್ತೈತ್ರಿ?" ಅಂದರು. ನೀರು ತಡೆಯುವ ಅಂಟು ಬೇರೆ ಬರುತ್ತದಲ್ಲ ಅಂದೆ. ತಿನ್ನುವ ಪದಾರ್ಥಕ್ಕೆ ಅದನ್ನು ತಾಗಿಸುವವರು ನಾವಲ್ಲ ಅಂದುಬಿಟ್ಟರು.

ಅವರು ಹೇಳಿದ ದಾರಿ ಹೀಗಿತ್ತು. ಮೊದಲು ಅಂಟನ್ನೆಲ್ಲ ಕೆರೆದು ತೆಗಿ. ಎರಡು ದಿನ ತಣ್ಣೀರಿನಲ್ಲಿಡು. ಕಟ್ಟಿಗೆ ನೀರು ಕುಡಿದಾಗ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಸೀಳಿರುವುದು ಎಳೆಯ ಉದ್ದಕ್ಕೆ, ಹಾಗಾಗಿ ಎರಡೂ ಕಡೆಯಿಂದ ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ. ನಿಜವಾಗಿಯೂ ಎರಡನೇ ದಿನ ಸಂಜೆಗೆ ಉಗುರು ಕೂಡ ಹೋಗದಷ್ಟು ಕೂಡಿತ್ತು. ಒದ್ದೆ ಇದ್ದಾಗಲೇ ಒಯ್ದೆ. ಅವರು ಅಚ್ಚಿನ ಬೆನ್ನಿಗೆ, ಸೀಳಿಗೆ ಅಡ್ಡಲಾಗಿ, ಡಮರುವಿನ ಆಕಾರದ ಎರಡು ಗುಳಿ ತೋಡಿ, ಅದೇ ಆಕಾರದ ಸಾಗವಾನಿ ಚೂರು ಬಡಿದು ಕೂಡಿಸಿದರು. ಚೂರಿನ ಎಳೆ ಸೀಳಿಗೆ ಅಡ್ಡ ಇರಬೇಕು. ಉದ್ದಕ್ಕೆ ಇಟ್ಟರೆ ನಡು ಸಣ್ಣ ಇರುವಲ್ಲಿ ಕಟಕ್ ಅನ್ನುತ್ತದೆ. ಒಂದು ಹನಿ ಅಂಟಿಲ್ಲ. ಒಣಗಿದಾಗ ಕೂದಲೆಳೆಯಷ್ಟು ಗೆರೆ ಕಾಣುತ್ತದೆ, ನೆನೆಸಿದರೆ ಮಾಯ.

ಆನೆಯ ಕೀಲು ನಾನೇ ಮಾಡಿದೆ. ಮುರಿದದ್ದನ್ನು ಕೈ ಡ್ರಿಲ್ಲಿನಿಂದ ಕೊರೆದು ತೆಗೆದು, ಬಿದಿರು ಸೀಳಿ ಆರು ಮಿಲಿಮೀಟರಿಗೆ ಹೆರೆದು, ಒಂದು ಹೋಳಿಗೆ ಬಿಗಿಯಾಗಿ, ಇನ್ನೊಂದಕ್ಕೆ ಜಾರುವಂತೆ ಕೂಡಿಸಿದೆ. ಒಂದು ಕೂದಲು ಸರಿದರೂ ಆನೆಗೆ ಎರಡು ಬೆನ್ನು ಬರುತ್ತವೆ. ಬಸವಣ್ಣನ ಹುಳುಕು ಅಂಚನ್ನು ಕೆತ್ತಿ ತೆಗೆಸಿದೆ. ತೇರಿನ ಕಳಸಕ್ಕೆ ಬಡಿಗೇರರು ಕೈ ಹಾಕಲಿಲ್ಲ. "ಅದು ಕೆತ್ತೋರ ಕೆಲಸ, ನಂದಲ್ಲ."

ಹೋಳುಗಳನ್ನು ಕೂಡಿಸಿ ಒಳಗೆ ಟಾರ್ಚ್ ಬಿಟ್ಟು ನೋಡುವುದು ನಾನು ಕಂಡುಕೊಂಡ ಉಪಾಯ. ಬೆಳಕು ಸೋರಿದ ಕಡೆ ಪಾಕವೂ ಸೋರುತ್ತದೆ. ಅಂಥ ಕಡೆ ಹೊರಗಿನಿಂದ ಕಣಕ ಮೆತ್ತಿದರೆ ಸಾಕು.

ಅಕ್ಟೋಬರ್ 19, ರವಿವಾರ: ಮೊದಲ ಹೊಯ್ತ

ಸಕ್ಕರೆ ಮುಳುಗುವಷ್ಟು ನೀರು ಹಾಕಿ ಒಲೆಗಿಟ್ಟು, ಕುದಿ ಬಂದಾಗ ಹಾಲು ಬಿಟ್ಟೆ. ಹಾಲು ಒಡೆದು ಬೂದು ನೊರೆ ಮೇಲೆ ಬಂತು. ಸಕ್ಕರೆಯ ಕಸ ಅದಕ್ಕೆ ಹತ್ತಿಕೊಂಡು ಬರುತ್ತದೆ. ಝಾರಿಯಿಂದ ತೆಗೆದು, ಒದ್ದೆ ಪಂಚೆಯಲ್ಲಿ ಸೋಸಿದೆ. ಇಲ್ಲಿಯವರೆಗೆ ಎಲ್ಲಾ ಸರಿ. ಹುಬ್ಬಳ್ಳಿಯಿಂದ ತಂದ ಪಾಕದ ಥರ್ಮಾಮೀಟರು 116 ತೋರಿಸಿದಾಗ ಇಳಿಸಿ, ವಹಿಯಲ್ಲಿ ಬರೆದಂತೆ ನೆನೆದ ಅಚ್ಚನ್ನು ಬಟ್ಟೆಯಿಂದ ಚೆನ್ನಾಗಿ ತಿಕ್ಕಿ, ಹೊಯ್ದೆ.

ಮೂರು ತಾಸು ಕಾದೆ. ಬಿಚ್ಚಿದರೆ ಗಿಳಿ ಇಲ್ಲ, ಜೇನುತುಪ್ಪ. ಅಂಚಿಗೆ ನಾಕು ಹರಳು, ನಡುವೆ ಅಂಟು.

ಪಾಕ ಎಳಸಾಯಿತು ಅನ್ನಿಸಿ ಎರಡನೇ ಸಲ 145ರವರೆಗೆ ಕಾಯಿಸಿದೆ. ಈಗ ಗಾಜು. ಮಗಳು ಬೆಳಕಿಗೆ ಹಿಡಿದು, "ಅಪ್ಪಾ, ಇದರಾಗಿಂದ ನೀ ಕಾಣ್ತಿ" ಅಂದಳು. ಗಿಳಿಯ ಕೊಕ್ಕು ಅಚ್ಚಿನಲ್ಲೇ ಉಳಿದು, ಉಳಿದದ್ದು ಚೂರುಚೂರು. ಕೊಕ್ಕು ಬಿಡಿಸಲು ಮತ್ತೊಂದು ರಾತ್ರಿ ನೆನೆಸಬೇಕಾಯಿತು.

ಹೋಳು ಬಿಗಿಯಲು ಸೈಕಲ್ ಟ್ಯೂಬು ಕತ್ತರಿಸಿ ಹಾಕಿದ್ದೆ. ಬಿಗಿಯಂತೂ ಭರ್ಜರಿ, ಆದರೆ ಅಡಿಗೆಮನೆಯೆಲ್ಲ ಪಂಕ್ಚರ್ ಅಂಗಡಿಯ ವಾಸನೆ.

ಅಕ್ಟೋಬರ್ 23

ದೀಪಾವಳಿ ಮುಗಿಸಿ ಮೂರನೇ ಸಲ. ಹರಳುಗಟ್ಟುವುದನ್ನು ಲಿಂಬಿ ಹದದಲ್ಲಿಡುತ್ತದೆ ಅಂತ ಕೇಳಿದ್ದೆ, ನಾಕು ಹನಿಯ ಬದಲು ಅರ್ಧ ಹೋಳು ಹಿಂಡಿದೆ. ಹುಳಿ ಬಿದ್ದು ಕುದಿದರೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅವು ಉಳಿದ ಸಕ್ಕರೆಯನ್ನು ಹರಳಾಗಲು ಬಿಡುವುದಿಲ್ಲ. ನಾಕು ಹನಿಗೆ ಪಾಕ ಪಾತೇಲಿಯಲ್ಲೇ ಕಲ್ಲಾಗದೆ ಉಳಿಯುತ್ತದೆ, ಅರ್ಧ ಹೋಳಿಗೆ ಎಂದೂ ಕಲ್ಲಾಗುವುದಿಲ್ಲ. ಅದೂ ಜೇನೇ ಆಯಿತು. ಅವ್ವ ಬಾಟಲಿಗೆ ತುಂಬಿಟ್ಟು ಒಂದು ವಾರ ಚಹಾಕ್ಕೆ ಹಾಕಿದಳು, ನನ್ನ ಮುಖ ನೋಡಿಕೊಂಡೇ.

ಅಕ್ಟೋಬರ್ 26, ರವಿವಾರ: ಗದಗ

ಅತ್ತಿ, ಅಂದರೆ ಅಪ್ಪನ ತಂಗಿ, ಬೆಟಗೇರಿಯಲ್ಲಿದ್ದಾಳೆ. ವಯಸ್ಸು 78. ಫೋನಿನಲ್ಲಿ ಕೇಳಿದರೆ "ಬಂದು ನೋಡು" ಅನ್ನುವುದೊಂದೇ ಉತ್ತರ. ಗಿಳಿಯ ಜೋಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿಕೊಂಡು, ಮಗಳನ್ನು ಕರೆದುಕೊಂಡು ರೈಲು ಹತ್ತಿದೆ.

"ಗಂಡಸು ಗೊಂಬಿ ಹೊಯ್ಯಾಕ ಹತ್ತ್ಯಾನಂತ" ಅಂತ ಪಕ್ಕದ ಮನೆಯವರಿಗೆಲ್ಲ ಹೇಳಿಟ್ಟಿದ್ದಳು. ಮೂವರು ನೋಡಲು ಬಂದಿದ್ದರು.

ವಹಿ ಕೊಟ್ಟೆ. ಕನ್ನಡಕ ಏರಿಸಿ ಓದಿದಳು. "ತಿಕ್ಕಿ ಹೊಯ್ಯೋದು" ಅನ್ನುವಲ್ಲಿಗೆ ಬಂದಾಗ, ನೀ ಏನು ತಿಕ್ಕಿದಿ ಅಂತ ಕೇಳಿದಳು. ಅಚ್ಚು ಅಂದೆ. ಬಾಯಿಗೆ ಸೆರಗು ಹಿಡಿದು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ.

"ಅಚ್ಚಲ್ಲೋ ಖೋಡಿ, ಪಾಕ! ಪಾಕ ತಿಕ್ಕಬೇಕು!"

ಅಪ್ಪ ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದ. ಒಲೆಯ ಮುಂದೆ ಕೂತವರಿಗೆ ಏನನ್ನು ತಿಕ್ಕುವುದು ಅಂತ ಹೇಳುವ ಅಗತ್ಯವೇ ಇರಲಿಲ್ಲ. ಅವನು ಒಲೆಯ ಮುಂದೆ ಕೂತವನಲ್ಲ, ನಾನೂ ಅಲ್ಲ.

ಅತ್ತಿ ಮಾಡಿ ತೋರಿಸಿದ್ದು ಹೀಗೆ. ಹಾಲು ಹಾಕಿ ಸೋಸಿದ ತೆಳು ಪಾಕವನ್ನು ಪೂರ್ತಿ ಕಾಯಿಸಲಿಲ್ಲ, ಒಂದು ಗೊಂಬಿಗೆ ಸಾಲುವಷ್ಟನ್ನೇ ಸಣ್ಣ ಹಿಡಿಕೆಯ ಪಾತೇಲಿಗೆ ಸುರಿದುಕೊಂಡಳು. ಕುದ್ದು ಗುಳ್ಳೆ ದಪ್ಪಗಾದಾಗ ಸೌಟಿನಿಂದ ಒಂದು ಹನಿ ತೆಗೆದು ಬೆರಳುಗಳ ನಡುವೆ ಎಳೆ ನೋಡಿದಳು. (ಆ ಬೆರಳಿಗೆ ಸುಡುವುದಿಲ್ಲವೋ ಏನೋ. ನಾವು ನೋಡುವುದಾದರೆ ಪಕ್ಕದಲ್ಲಿ ತಣ್ಣೀರಿನ ಬಟ್ಟಲಿರಲಿ. ಸಕ್ಕರೆ ಪಾಕ ಚರ್ಮಕ್ಕೆ ಹತ್ತಿಕೊಂಡೇ ಸುಡುತ್ತದೆ.) ಒಲೆಯಿಂದ ಇಳಿಸಿದಳು. ಆಮೇಲೆ ಸೌಟಿನ ಬೆನ್ನನ್ನು ಪಾತೇಲಿಯ ಒಳಗೋಡೆಗೆ ಒತ್ತಿ, ಒಂದೇ ಕಡೆ, ಮೇಲೆ ಕೆಳಗೆ ತಿಕ್ಕಲು ಸುರುಮಾಡಿದಳು. ಕಲಸುವುದಲ್ಲ, ತಿಕ್ಕುವುದು. ಹೊಲಿಗೆ ಯಂತ್ರದ ಸೂಜಿಯಂತೆ ಅಷ್ಟೇ ಅಗಲಕ್ಕೆ, ಅಷ್ಟೇ ಜೋರಿಗೆ.

ಮೊದಲು ಏನೂ ಆಗಲಿಲ್ಲ, ಗಂಜಿ ತಿರುಗಿಸಿದ ಹಾಗೆ ಚಪ್ ಚಪ್. ಆಮೇಲೆ ಸೌಟು ತಾಗುವ ಕಡೆ ಹಾಲಿನಂಥ ಒಂದು ಗೆರೆ ಮೂಡಿತು.

"ನೋಡಬ್ಯಾಡ. ಕೇಳು."

ಕಣ್ಣು ಮುಚ್ಚಿ ಕೇಳಿದೆ. ಚಪ್ ಚಪ್ ಅನ್ನುತ್ತಿದ್ದದ್ದು ಚರ್ ಚರ್ ಆಗುತ್ತ ಬಂತು, ಸೌಟಿನ ಕೆಳಗೆ ಸಣ್ಣ ಉಸುಕು ಸಿಕ್ಕ ಹಾಗೆ. ಆ ಸಪ್ಪಳ ಬಂದ ತಕ್ಷಣ ಗೆರೆಯನ್ನು ಇಡೀ ಪಾಕಕ್ಕೆ ಎರಡು ಸುತ್ತು ಕಲಸಿ, ಗಿಳಿಯ ಬಾಯಿಗೆ ಒಂದೇ ಧಾರೆಯಲ್ಲಿ ಹೊಯ್ದಳು. ಎಂಟು ನಿಮಿಷಕ್ಕೆ ಬಿಚ್ಚಿದಳು. ಬೆಳ್ಳಗೆ, ಗರಿಗರಿ ಗೆರೆ ಮೂಡಿದ ಗಿಳಿ.

ಪಾಕ ತನ್ನಷ್ಟಕ್ಕೆ ಬಿಟ್ಟರೆ ಹರಳಾಗಲು ತಡಮಾಡುತ್ತದೆ, ಆದರೆ ದೊಡ್ಡ ದೊಡ್ಡ ಹರಳು, ಅಲ್ಲೊಂದು ಇಲ್ಲೊಂದು. ತಿಕ್ಕಿದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳು ಒಂದೇ ಸಲಕ್ಕೆ ಹುಟ್ಟಿ, ಉಳಿದ ಸಕ್ಕರೆಗೆಲ್ಲ ಹೆಪ್ಪಿನಂತೆ ಕೆಲಸ ಮಾಡುತ್ತವೆ. ಬಿಳಿ ಬಣ್ಣ ಬರುವುದೂ ಆ ಸಣ್ಣ ಹರಳುಗಳಿಂದಲೇ, ಹಾಲಿನಿಂದಲ್ಲ. ಇಷ್ಟು ದಿನ ನಾನು ಹೊಯ್ದದ್ದು ಹೆಪ್ಪು ಹಾಕದ ಹಾಲು.

ಅಚ್ಚು ಯಾಕೆ ನೆನೆಸಬೇಕು ಅಂದೆ. "ಹೊಟ್ಟಿ ತುಂಬಿದ್ರ ಅದು ಯಾಕ ಸಕ್ಕರಿ ಕುಡೀತದ?" ಅಂದಳು. ಒಣ ಕಟ್ಟಿಗೆಯ ರಂಧ್ರಗಳಿಗೆ ಪಾಕ ಇಳಿದು ಹಿಡಿದುಕೊಳ್ಳುತ್ತದೆ, ನೀರು ಕುಡಿದ ಕಟ್ಟಿಗೆಯಲ್ಲಿ ಜಾಗವಿಲ್ಲ. ಆದರೆ ಮೇಲೆ ನೀರು ನಿಂತಿರಬಾರದು, ಒರೆಸಬೇಕು, ಅಷ್ಟೇ. ಟ್ಯೂಬಿನ ಕಥೆ ಕೇಳಿ ಒಂದು ಸುತಳಿ ಉಂಡೆ ಕೊಟ್ಟಳು. ಸುತಳಿ ಒದ್ದೆಯಾದರೆ ದಪ್ಪಗಾಗಿ ಉದ್ದಕ್ಕೆ ಕುಗ್ಗುತ್ತದೆ, ತಾನೇ ಬಿಗಿದುಕೊಳ್ಳುತ್ತದೆ.

ಮಗಳು ಅಷ್ಟೂ ಹೊತ್ತು ಮೊಬೈಲು ಹಿಡಿದಿದ್ದಳು. ವೀಡಿಯೊ ಅಂದುಕೊಂಡಿದ್ದೆ. ಅವಳು ಮುದ್ರಿಸಿಕೊಂಡದ್ದು ಸಪ್ಪಳ ಮಾತ್ರ, 2 ನಿಮಿಷ 40 ಸೆಕೆಂಡು.

ನವೆಂಬರ್ 1, ಶನಿವಾರ

ರಾಜ್ಯೋತ್ಸವದ ಸೂಟಿ. ಬೆಳಿಗ್ಗೆ ಆರಕ್ಕೇ ಸುರು. ಅತ್ತಿಯ ಹದಕ್ಕೆ ಒಂದು ಅಂಕಿ ಕಟ್ಟಬೇಕೆಂಬ ಹಟ ನನಗೆ. ಎಳೆ ಸರಿ ಬಂದಾಗ ಥರ್ಮಾಮೀಟರು ಅದ್ದಿದರೆ ಪ್ರತಿ ಸಲ 110ರ ಆಜೂಬಾಜು. ಇಂಥ ಬಿಳಿ ಪಾಕಕ್ಕೆ ಪುಸ್ತಕಗಳು ಹೇಳುವುದು 112ರಿಂದ 115. ಮೀಟರು ತಪ್ಪೋ ಅಂತ ಬರೀ ನೀರು ಕುದಿಸಿದೆ: 97.5ಕ್ಕೇ ಕುದಿಯಿತು. ಮೀಟರು ಸರಿಯಾಗಿಯೇ ಇದೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಹೆಚ್ಚು ಕಡಿಮೆ 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿ ಇಳಿಯುತ್ತದೆ. ಪುಸ್ತಕದ ಅಂಕಿಯಿಂದ ಎರಡೂವರೆ ಕಳೆದರೆ ಅತ್ತಿಯ ಬೆರಳು. ಮೊದಲ ದಿನದ ನನ್ನ 116 ಹಾಗಾದರೆ 118ರ ಮೇಲಿನ ಪಾಕ. ಎಳಸಾಯಿತು ಅಂದುಕೊಂಡಿದ್ದೆನಲ್ಲ, ನಿಜಕ್ಕೂ ಬಲಿತಿತ್ತು.

ತಿಕ್ಕುವಾಗ ಮಗಳು ಮೊಬೈಲಿನ ಸಪ್ಪಳ ಹಚ್ಚಿ ಕಿವಿ ಹತ್ತಿರ ಹಿಡಿದು, "ಇನ್ನಾ ಇಲ್ಲ... ಇನ್ನಾ ಇಲ್ಲ... ಈಗ!" ಅನ್ನುತ್ತಿದ್ದಳು. ಅವಳ "ಈಗ" ನನ್ನ ಕಣ್ಣಿಗಿಂತ ಮೂರ್ನಾಲ್ಕು ಸೆಕೆಂಡು ಮೊದಲೇ ಬರುತ್ತಿತ್ತು, ಮತ್ತು ಸರಿ ಇರುತ್ತಿತ್ತು. ನಾನು ತಡಮಾಡಿದ ಎರಡು ಸಲ ಪಾಕ ಪಾತೇಲಿಯಲ್ಲೇ ಕಲ್ಲಾಯಿತು. ಅದಕ್ಕೆ ಚೂರು ನೀರು ಹಾಕಿ ಕರಗಿಸಿ ಮತ್ತೆ ಕಾಯಿಸಿದರೆ ನಡೆಯುತ್ತದೆ, ಕೆಡುವುದಿಲ್ಲ.

ಮಧ್ಯಾಹ್ನದೊಳಗೆ ಗಿಳಿ ಆರು, ಬಸವಣ್ಣ ನಾಕು, ತುಳಸಿ ಕಟ್ಟೆ ಮೂರು. ಆನೆ ಎರಡನೇ ಸಲಕ್ಕೆ ಸರಿ ಬಂತು. ಮೊದಲನೆಯದರಲ್ಲಿ ಸೊಂಡಿಲಿನ ತುದಿಗೆ ಗಾಳಿ ಸಿಕ್ಕಿ ಪೊಳ್ಳಾಗಿತ್ತು. ಹೊಯ್ದ ಮೇಲೆ ಅಚ್ಚನ್ನು ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿದರೆ ಗಾಳಿ ಮೇಲೇಳುತ್ತದೆ. ಒಂದು ಆನೆ 60 ಗ್ರಾಂ.

ಒಂಟೆಗೆ ಕೈ ಹಾಕುವಾಗ ಎದೆ ಡವಡವ. ಹೋಳು ಬಿಚ್ಚುವಾಗ ಓರೆ ಎಳೆಯಬಾರದು, ನೆಟ್ಟಗೆ ಎತ್ತಬೇಕು. ಕತ್ತಿನ ಮೇಲೆ ಸೀಳಿನ ಗುರುತು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಬೆನ್ನ ಡಮರುಗಳ ಮೇಲೆ ಕೈಯಾಡಿಸಿ ಬಡಿಗೇರರಿಗೆ ಫೋನು ಮಾಡಿದೆ. "ಒಂಟಿ ನಿಂತಿತೇನ್ರಿ?" ಅಂದರು. ನಿಂತಿತು.

ಅವ್ವ ಬಂದು ನೋಡಿ, ಒಂದಿಷ್ಟು ಗುಲಾಬಿ ಬಣ್ಣದವೂ ಇರಲಿ ಅಂದಳು. ದುರ್ಗದ ಬೈಲಿನ ಮಾತು ಎತ್ತಲಿಲ್ಲ.

ನವೆಂಬರ್ 4, ಮಂಗಳವಾರ

ಎರಡು ರಾತ್ರಿ ಬಟ್ಟೆಯ ಮೇಲೆ ಒಣಗಿದ ಗೊಂಬಿಗಳನ್ನು ಚುರುಮುರಿ ಹಾಸಿದ ಡಬ್ಬಿಯಲ್ಲಿ ಜೋಡಿಸಿದೆವು. ಚುರುಮುರಿ ಅಲುಗಲು ಬಿಡುವುದಿಲ್ಲ, ತೇವವನ್ನೂ ಹೀರುತ್ತದೆ, ಆಮೇಲೆ ಒಗ್ಗರಣಿಗೂ ಆಗುತ್ತದೆ. ಅಣ್ಣ, ಅತ್ತಿಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡೇ ಹಾವೇರಿಗೆ ಹೋದರು. ರಾತ್ರಿ ಫೋನು ಬಂತು: ಒಂದು ಗಿಳಿಯ ಬಾಲ ಹೋಗಿದೆ, ಉಳಿದವೆಲ್ಲ ನೆಟ್ಟಗಿವೆ. ಹುಡುಗಿಯ ಆಯಿ ಒಂಟೆಯನ್ನು ಕೈಯಲ್ಲಿ ಹಿಡಿದು, ಅಚ್ಚು ಯಾರ ಮನೆಯದು ಅಂತ ಕೇಳಿದರಂತೆ. ಮರುದಿನ ಹುಣ್ಣಿಮೆ.

ನವೆಂಬರ್ 9

ಅಚ್ಚುಗಳನ್ನು ಬರೀ ನೀರಿನಲ್ಲಿ ತೊಳೆದು ನಾಕು ದಿನ ನೆರಳಿಗೆ ಒಣಗಿಸಿದೆ. ತಗಡಿನ ಟ್ರಂಕಿಗೆ ಮತ್ತೆ ಹಾಕಲಿಲ್ಲ. ಕಾಟನ್ ಬಟ್ಟೆ ಸುತ್ತಿ, ನಡುವೆ ಒಣ ಬೇವಿನ ಎಲೆ ಇಟ್ಟು, ಗಾಳಿ ಆಡುವ ಬಿದಿರು ಬುಟ್ಟಿಯಲ್ಲಿ ಅಡಿಗೆಮನೆಯ ಮಾಡದಲ್ಲೇ ಇಟ್ಟಿದ್ದೇನೆ. ಸುತಳಿ ಉಂಡೆಯೂ ಅದರಲ್ಲೇ. ವಹಿಯಲ್ಲಿ "ತಿಕ್ಕಿ" ಅನ್ನುವುದರ ಹಿಂದೆ ಮಗಳು ಪೆನ್ಸಿಲಿನಿಂದ "ಪಾಕ" ಅಂತ ಸೇರಿಸಿದ್ದಾಳೆ. ಪೆನ್ನಿನಲ್ಲಿ ಬರಿ ಅಂದರೆ, ಅಜ್ಜನ ಅಕ್ಷರದ ಮೇಲೆ ಬೇಡ ಅಂದಳು.

ತೇರು ಇನ್ನೂ ಆಗಿಲ್ಲ. ಐದು ಸಲ ಹೊಯ್ದರೂ ಐದು ಸಲವೂ ಕಳಸ ಅಚ್ಚಿನಲ್ಲೇ ಉಳಿಯಿತು. ಕೆತ್ತುವವರು ಸಿಗಬೇಕು. ಬೆಟಗೇರಿಯ ಅತ್ತಿಯ ಮುಂದೆ ಹೇಳಿದರೆ, "ನಿಮ್ಮ ಆಯಿ ಹೊಯ್ದಾಗೂ ಅದು ಮುರೀತಿತ್ತೋ. ಕಳಸ ನನಗ ಕೊಡ್ತಿದ್ಲು" ಅಂದಳು.